ಶುಶ್ರೂಷೆಯನ್ನು ಅಳೆಯುವುದು ಹೇಗೆ? ಅಮೆರಿಕದ ನರ್ಸಿಂಗ್ ಹೋಮ್‌ಗಳ ತಪಾಸಣೆಯ ಇತಿಹಾಸ

ನರ್ಸಿಂಗ್ ಹೋಮ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪೇಟೆಯ ಮುಖ್ಯರಸ್ತೆಯಲ್ಲಿರುವ ಹತ್ತಿಪ್ಪತ್ತು ಹಾಸಿಗೆಗಳ ಖಾಸಗಿ ಆಸ್ಪತ್ರೆ. ಹೆರಿಗೆಗೆ, ಸಣ್ಣಪುಟ್ಟ ಆಪರೇಷನ್‌ಗೆ, ಜ್ವರ ಬಿಡದಿದ್ದಾಗ ಡ್ರಿಪ್ ಹಾಕಿಸಿಕೊಳ್ಳಲು ಜನ ಅಲ್ಲಿಗೆ ಹೋಗುತ್ತಾರೆ, ನಾಲ್ಕು ದಿನದಲ್ಲಿ ಮನೆಗೆ ಮರಳುತ್ತಾರೆ. ಅಮೆರಿಕದಲ್ಲಿ ಅದೇ ಹೆಸರಿಗೆ ಬೇರೆ ಅರ್ಥವಿದೆ. ಅಲ್ಲಿ ನರ್ಸಿಂಗ್ ಹೋಮ್ ಎಂದರೆ ಎದ್ದು ನಡೆಯಲಾಗದ, ತಮ್ಮ ಕೈಯಿಂದ ಉಣ್ಣಲಾಗದ, ಮರೆವಿನ ಕಾಯಿಲೆಯಿಂದ ಮಕ್ಕಳ ಗುರುತೂ ಸಿಗದ ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ಇಂತಹ ಸುಮಾರು 15,000 ಸಂಸ್ಥೆಗಳಲ್ಲಿ ಹನ್ನೆರಡು ಲಕ್ಷದಷ್ಟು ಮಂದಿ ಅಲ್ಲಿ ವಾಸವಾಗಿದ್ದಾರೆ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ಕೊಂಡ ಅಕ್ಕಿ ಕೆಟ್ಟದಿದ್ದರೆ ಮರುದಿನ ಬೇರೆ ಅಂಗಡಿಗೆ ಹೋಗಬಹುದು. ಹಾಸಿಗೆ ಹಿಡಿದ ವೃದ್ಧೆ ಎಲ್ಲಿಗೆ ಹೋಗುತ್ತಾಳೆ? ಆಕೆಗೆ ನೀರು ಕೊಟ್ಟರೋ ಇಲ್ಲವೋ, ರಾತ್ರಿ ಮಗ್ಗುಲು ಬದಲಿಸಿದರೋ ಇಲ್ಲವೋ, ಔಷಧ ಸರಿಯಾಗಿ ಸಿಕ್ಕಿತೋ ಇಲ್ಲವೋ ಎಂದು ಹೇಳಲು ಆಕೆಗೆ ಶಕ್ತಿಯಿಲ್ಲ. ಹಣ ಕೊಡುವವರು ಸರಕಾರ ಅಥವಾ ಮಕ್ಕಳು. ಆರೈಕೆ ಪಡೆಯುವವಳು ಮುಚ್ಚಿದ ಬಾಗಿಲಿನ ಹಿಂದೆ. ಹಾಗಿರುವಾಗ ಒಂದು ಮನೆಯ ಆರೈಕೆ ಒಳ್ಳೆಯದೋ ಕೆಟ್ಟದೋ, ಸುರಕ್ಷಿತವೋ ಅಪಾಯಕರವೋ ಎಂದು ತೀರ್ಮಾನಿಸುವುದು ಹೇಗೆ?

ಕಳೆದ ತೊಂಬತ್ತು ವರ್ಷಗಳಲ್ಲಿ ಅಮೆರಿಕ ಈ ಪ್ರಶ್ನೆಗೆ ಹಲವು ಉತ್ತರಗಳನ್ನು ಕೊಟ್ಟಿದೆ. ಕಟ್ಟಡವನ್ನು ಅಳೆಯಿತು, ಕಾಗದವನ್ನು ಅಳೆಯಿತು, ಕೊನೆಗೆ ಮನುಷ್ಯರ ಬಳಿಗೆ ಬಂತು. ಆ ಇತಿಹಾಸವನ್ನು ಓದಿದರೆ ಒಂದು ಮಾತು ಮತ್ತೆ ಮತ್ತೆ ಸ್ಪಷ್ಟವಾಗುತ್ತದೆ: ಸಂಸ್ಥೆಯವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ನಂಬಿದಾಗಲೆಲ್ಲ ಅಳತೆ ಸೋತಿದೆ, ಹಾಸಿಗೆಯ ಪಕ್ಕಕ್ಕೆ ಹೋಗಿ ನೋಡಿ ಕೇಳಿದಾಗಲೆಲ್ಲ ಅದು ಸತ್ಯಕ್ಕೆ ಹತ್ತಿರ ಬಂದಿದೆ.

ಬಡವರ ಛತ್ರದಿಂದ ನರ್ಸಿಂಗ್ ಹೋಮ್‌ಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನಿರ್ಗತಿಕ ವೃದ್ಧರಿಗೆ ಸ್ಥಳೀಯ ಆಡಳಿತದ ಬಡವರ ಛತ್ರಗಳೇ ಗತಿಯಾಗಿದ್ದವು. ಅಲ್ಲಿ ವೃದ್ಧರು, ಮಾನಸಿಕ ರೋಗಿಗಳು, ಅಂಗವಿಕಲರು ಎಲ್ಲರೂ ಒಂದೇ ಸೂರಿನಡಿ ಇರುತ್ತಿದ್ದರು. ಅವುಗಳ ಹೆಸರೇ ಅವಮಾನವಾಗಿತ್ತು. 1935ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂದಾಗ ಬಡ ವೃದ್ಧರಿಗೆ ನೆರವಿನ ಹಣ ಕೊಡುವ ಏರ್ಪಾಡಾಯಿತು. ಆದರೆ ಸರಕಾರಿ ಛತ್ರಗಳಲ್ಲಿ ವಾಸಿಸುವವರಿಗೆ ಆ ಹಣ ಸಿಗುವಂತಿರಲಿಲ್ಲ. ಛತ್ರಗಳು ಮುಚ್ಚಿಹೋಗಲಿ, ವೃದ್ಧರು ಮನೆಗಳಲ್ಲಿ ಬಾಳಲಿ ಎಂಬುದು ಕಾಯ್ದೆ ಮಾಡಿದವರ ಆಶಯ.

ಆದರೆ ಆರೈಕೆ ಮಾಡುವವರಿಲ್ಲದ ವೃದ್ಧರಿಗೆ ಮನೆ ಎಲ್ಲಿಂದ ಬರಬೇಕು? ಕೈಯಲ್ಲಿ ನೆರವಿನ ಹಣವಿದ್ದ ಅವರು ಖಾಸಗಿ ವಸತಿಗೃಹಗಳನ್ನು ಸೇರಿದರು. ದೊಡ್ಡ ಮನೆಯಿದ್ದವರು ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಜೊತೆಗೆ ಒಂದಿಷ್ಟು ಶುಶ್ರೂಷೆಯನ್ನೂ ಒದಗಿಸತೊಡಗಿದರು. ಹೀಗೆ ಯಾರೂ ಯೋಜಿಸದೆ ಒಂದು ಹೊಸ ಉದ್ಯಮ ಹುಟ್ಟಿಕೊಂಡಿತು. 1950ರ ತಿದ್ದುಪಡಿಯಲ್ಲಿ, ಇಂತಹ ಸಂಸ್ಥೆಗಳಿಗೆ ರಾಜ್ಯಗಳು ಪರವಾನಗಿ ಕೊಡುವ ವ್ಯವಸ್ಥೆ ಇರಬೇಕೆಂದು ಹೇಳಲಾಯಿತು. ಆದರೆ ಪರವಾನಗಿಗೆ ಏನೇನು ನೋಡಬೇಕೆಂದು ಕೇಂದ್ರ ಹೇಳಲಿಲ್ಲ.

1954ರಲ್ಲಿ ಆಸ್ಪತ್ರೆ ಕಟ್ಟಲು ಹಣ ಕೊಡುತ್ತಿದ್ದ ಹಿಲ್-ಬರ್ಟನ್ ಯೋಜನೆಯನ್ನು ಲಾಭರಹಿತ ನರ್ಸಿಂಗ್ ಹೋಮ್‌ಗಳಿಗೂ ವಿಸ್ತರಿಸಲಾಯಿತು. ಹಣದ ಜೊತೆ ನಿಯಮವೂ ಬಂತು. ಅದು ಆಸ್ಪತ್ರೆ ಕಟ್ಟಡಗಳ ನಿಯಮ. ಉದ್ದನೆಯ ಕಾರಿಡಾರ್, ನಡುವೆ ನರ್ಸ್‌ಗಳ ಮೇಜು, ಎರಡೂ ಬದಿ ಕೋಣೆಗಳು. ವೃದ್ಧರು ವರ್ಷಗಟ್ಟಲೆ ಬಾಳುವ ಮನೆ ಆಸ್ಪತ್ರೆಯ ಆಕಾರ ಪಡೆದದ್ದು ಹೀಗೆ. ತಪಾಸಣೆಯೂ ಅದೇ ದಾರಿ ಹಿಡಿಯಿತು. ಬಾಗಿಲು ಎಷ್ಟು ಅಗಲವಿದೆ, ಕೋಣೆ ಎಷ್ಟು ಉದ್ದವಿದೆ ಎಂಬುದು ಮೊದಲ ಅಳತೆಯಾಯಿತು.

ಹಣ ಬಂತು, ನಿಯಮ ಸಡಿಲವಾಯಿತು

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಮೆಡಿಕೇರ್ ಮತ್ತು ಮೆಡಿಕೇಯ್ಡ್ ಕಾಯ್ದೆ ಈ ಉದ್ಯಮದ ಚಿತ್ರವನ್ನೇ ಬದಲಿಸಿತು. ಮೆಡಿಕೇರ್ ಎಂಬುದು 65 ವರ್ಷ ದಾಟಿದವರ ಆರೋಗ್ಯ ವಿಮೆ, ಮೆಡಿಕೇಯ್ಡ್ ಬಡವರಿಗಾಗಿ. ವೃದ್ಧರ ಆರೈಕೆಗೆ ಈಗ ಸರಕಾರದ ಖಜಾನೆಯಿಂದ ನೇರವಾಗಿ ಹಣ ಹರಿಯತೊಡಗಿತು. ಹಣ ಪಡೆಯಬೇಕಾದರೆ ನಿಗದಿತ ಮಟ್ಟ ಇರಬೇಕು ಎಂಬ ನಿಯಮವಾಯಿತು. ಆದರೆ ಆ ಮಟ್ಟವನ್ನು ಮುಟ್ಟಬಲ್ಲ ಸಂಸ್ಥೆಗಳು ಬಹಳ ಕಡಿಮೆ ಎಂಬುದು ಬೇಗನೆ ಗೊತ್ತಾಯಿತು. ಎಲ್ಲವನ್ನೂ ಹೊರಗಿಟ್ಟರೆ ವೃದ್ಧರನ್ನು ಇಡುವುದೆಲ್ಲಿ? ಅದಕ್ಕಾಗಿ ಅಧಿಕಾರಿಗಳು ಒಂದು ಉಪಾಯ ಹುಡುಕಿದರು. ಪೂರ್ತಿ ನಿಯಮ ಪಾಲಿಸದಿದ್ದರೂ ‘ಬಹುಮಟ್ಟಿಗೆ ಪಾಲಿಸುತ್ತಿದೆ’ ಎಂದು ಬರೆದುಕೊಟ್ಟು ಹಣ ಬಿಡುಗಡೆ ಮಾಡುವುದು. ತಾತ್ಕಾಲಿಕ ಎಂದುಕೊಂಡ ಈ ರಿಯಾಯಿತಿ ಎಷ್ಟೋ ಕಡೆ ವಾಡಿಕೆಯಾಗಿ ಉಳಿಯಿತು.

ಇದರ ಬೆಲೆ ತೆತ್ತವರು ವೃದ್ಧರು. 1970ರ ಜನವರಿ 9ರ ರಾತ್ರಿ ಓಹಾಯೋ ರಾಜ್ಯದ ಮರಿಯೆಟ್ಟಾ ಎಂಬ ಊರಿನ ನರ್ಸಿಂಗ್ ಹೋಮ್‌ನಲ್ಲಿ ಬೆಂಕಿ ಬಿತ್ತು. ಕಟ್ಟಡ ಹಳೆಯದಲ್ಲ, ಹೊಸದು. ಆದರೆ ನೆಲಕ್ಕೆ ಹಾಸಿದ್ದ ರಬ್ಬರ್ ಅಡಿಯ ಕಾರ್ಪೆಟ್ ಹೊತ್ತಿಕೊಂಡು ದಟ್ಟ ಹೊಗೆ ಎದ್ದಿತು. 30ಕ್ಕೂ ಹೆಚ್ಚು ವೃದ್ಧರು ಸತ್ತರು. ಅದೇ ವರ್ಷದ ಬೇಸಿಗೆಯಲ್ಲಿ ಬಾಲ್ಟಿಮೋರ್ ನಗರದ ಒಂದು ನರ್ಸಿಂಗ್ ಹೋಮ್‌ನಲ್ಲಿ ಆಹಾರದಿಂದ ಸಾಲ್ಮೊನೆಲ್ಲಾ ಸೋಂಕು ಹರಡಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಗೋಡೆ ಮತ್ತು ಬಾಗಿಲುಗಳನ್ನು ಅಳೆದರೆ ಸಾಲದು ಎಂದು ದೇಶಕ್ಕೆ ಮನವರಿಕೆಯಾದದ್ದು ಇಂತಹ ಸಾವುಗಳಿಂದ.

ಒಳಗೆ ಹೋಗಿ ನೋಡಿದವರು

ಆ ಹೊತ್ತಿಗೆ ಇಬ್ಬಗೆಯ ಜನ ಬಾಗಿಲು ದಾಟಿ ಒಳಗೆ ಹೋದರು. ಒಬ್ಬರು ಅರ್ಕನ್ಸಾ ರಾಜ್ಯದ ಯುವ ಸಂಸದ ಡೇವಿಡ್ ಪ್ರಯರ್. ತಾನು ಸಂಸದನೆಂದು ಹೇಳಿಕೊಳ್ಳದೆ ವಾಷಿಂಗ್ಟನ್ ಸುತ್ತಮುತ್ತಲಿನ ನರ್ಸಿಂಗ್ ಹೋಮ್‌ಗಳಲ್ಲಿ ಸ್ವಯಂಸೇವಕನಾಗಿ ಅವರು ಕೆಲಸ ಮಾಡಿದರು. ಕಂಡದ್ದನ್ನು 1970ರಲ್ಲಿ ಸಂಸತ್ತಿನ ಮುಂದಿಟ್ಟು, ವೃದ್ಧರ ಸಮಸ್ಯೆಗಳಿಗೇ ಒಂದು ಸಮಿತಿ ಬೇಕೆಂದು ಕೇಳಿದರು. ಸಮಿತಿ ಸಿಗಲಿಲ್ಲ, ಕಚೇರಿಗೆ ಜಾಗವೂ ಸಿಗಲಿಲ್ಲ. ಪ್ರಯರ್ ಧೃತಿಗೆಡಲಿಲ್ಲ. ಸಂಸತ್ ಭವನದ ಸಮೀಪದ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಟ್ರೇಲರ್ ಗಾಡಿಗಳನ್ನು ನಿಲ್ಲಿಸಿ, ಅದರಲ್ಲಿಯೇ ಸ್ವಯಂಸೇವಕರನ್ನು ಕೂರಿಸಿಕೊಂಡು ವಿಚಾರಣೆ ಮುಂದುವರಿಸಿದರು. ಅವರು ಕೇಳಿದ ಸಮಿತಿ 1974ರಲ್ಲಿ ಅಸ್ತಿತ್ವಕ್ಕೆ ಬಂತು.

ಇನ್ನೊಂದು ಗುಂಪನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕನೆಕ್ಟಿಕಟ್ ರಾಜ್ಯದ ಮಿಸ್ ಪೋರ್ಟರ್ಸ್ ಸ್ಕೂಲ್ ಎಂಬ ಹೆಣ್ಣುಮಕ್ಕಳ ಶಾಲೆಯ ಕೆಲವು ವಿದ್ಯಾರ್ಥಿನಿಯರು, ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಅವರ ಅಧ್ಯಯನ ತಂಡವಾಗಿ 1970ರ ಬೇಸಿಗೆಯಲ್ಲಿ ನರ್ಸಿಂಗ್ ಹೋಮ್‌ಗಳನ್ನು ಹೊಕ್ಕರು. ಕೆಲವರು ಅಲ್ಲಿ ಸಹಾಯಕಿಯರಾಗಿ ದುಡಿದೂ ನೋಡಿದರು. ಆ ವರ್ಷದ ಕೊನೆಯಲ್ಲಿ ಸೆನೆಟ್ ಉಪಸಮಿತಿಯ ಎದುರು ಸಾಕ್ಷ್ಯ ನುಡಿದರು. ತಂಡದ ಮುಖ್ಯಸ್ಥೆ ಕ್ಲೇರ್ ಟೌನ್ಸೆಂಡ್ ಅವರ ಪುಸ್ತಕ 1971ರಲ್ಲಿ ಹೊರಬಂತು. ಪರವಾನಗಿ ಇದ್ದ, ತಪಾಸಣೆ ಮುಗಿದಿದ್ದ ಸಂಸ್ಥೆಗಳ ಒಳಗಿನ ಸ್ಥಿತಿಯನ್ನು ಹದಿಹರೆಯದ ಹೆಣ್ಣುಮಕ್ಕಳು ದೇಶಕ್ಕೆ ತೋರಿಸಿಕೊಟ್ಟರು. ಅಧಿಕಾರಿಗಳ ಬಳಿ ಇಲ್ಲದ ಯಾವ ಉಪಕರಣವೂ ಅವರ ಬಳಿ ಇರಲಿಲ್ಲ. ಅವರು ಅಲ್ಲಿ ಹೊತ್ತು ಕಳೆದರು, ಅಷ್ಟೇ.

ಉಟಾ ರಾಜ್ಯದ ಸೆನೆಟರ್ ಫ್ರಾಂಕ್ ಮಾಸ್ ನೇತೃತ್ವದ ಉಪಸಮಿತಿ ವರ್ಷಗಟ್ಟಲೆ ವಿಚಾರಣೆ ನಡೆಸಿ 1974ರಿಂದ ಹಲವು ಭಾಗಗಳ ವರದಿ ಪ್ರಕಟಿಸಿತು. ಸಾರ್ವಜನಿಕ ನೀತಿಯೇ ಸೋತಿದೆ ಎಂಬುದನ್ನು ಅದರ ತಲೆಬರಹವೇ ಸಾರಿತು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಪ್ರಕಟಿಸಿದ ಕಾರ್ಯಕ್ರಮದ ಫಲವಾಗಿ ರಾಜ್ಯಗಳ ತಪಾಸಣಾಧಿಕಾರಿಗಳಿಗೆ ತರಬೇತಿ ಆರಂಭವಾಯಿತು. 1972ರಲ್ಲಿ ಪ್ರಾಯೋಗಿಕವಾಗಿ ಒಂಬುಡ್ಸ್‌ಮನ್ ವ್ಯವಸ್ಥೆ ಬಂತು. ನರ್ಸಿಂಗ್ ಹೋಮ್‌ಗಳಿಗೆ ಭೇಟಿ ಕೊಟ್ಟು, ಅಲ್ಲಿರುವವರ ದೂರು ಕೇಳಿ, ಅವರ ಪರವಾಗಿ ಮಾತಾಡುವುದೇ ಒಂಬುಡ್ಸ್‌ಮನ್ ಕೆಲಸ. 1978ರಿಂದ ಇದು ಪ್ರತಿ ರಾಜ್ಯದಲ್ಲೂ ಕಡ್ಡಾಯವಾಯಿತು.

ಇಬ್ಬರು ವೈದ್ಯರು ಕೊಟ್ಟ ಅಳತೆಗೋಲು

ಅತ್ತ ಸಂಸತ್ತಿನಲ್ಲಿ ವಾದ ನಡೆಯುತ್ತಿದ್ದಂತೆ ಇತ್ತ ವಿದ್ವಾಂಸರು ಬೇರೆಯೇ ಪ್ರಶ್ನೆಯಲ್ಲಿ ಮುಳುಗಿದ್ದರು. ‘ಒಳ್ಳೆಯ ಆರೈಕೆ’ ಎಂದರೆ ನಿಖರವಾಗಿ ಏನು?

ಆವೆಡಿಸ್ ಡೊನಬೇಡಿಯನ್ 1919ರಲ್ಲಿ ಬೈರೂತ್‌ನಲ್ಲಿ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿ, ಪ್ಯಾಲೆಸ್ತೀನಿನ ರಾಮಲ್ಲಾದಲ್ಲಿ ಬೆಳೆದು, ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ವೈದ್ಯರಾದವರು. ಮುಂದೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1966ರಲ್ಲಿ ಅವರು ಬರೆದ ಒಂದು ಲೇಖನ ಈ ಕ್ಷೇತ್ರದ ಬುನಾದಿಯಾಯಿತು. ಆರೈಕೆಯನ್ನು ಮೂರು ಕಡೆಯಿಂದ ನೋಡಬೇಕು ಎಂದರು ಅವರು. ಮೊದಲನೆಯದು ವ್ಯವಸ್ಥೆ: ಕಟ್ಟಡ, ಉಪಕರಣ, ಎಷ್ಟು ನರ್ಸ್‌ಗಳಿದ್ದಾರೆ, ಅವರ ತರಬೇತಿ ಏನು. ಎರಡನೆಯದು ಕ್ರಮ: ಮಾಡಬೇಕಾದ ಕೆಲಸವನ್ನು ಮಾಡಬೇಕಾದ ರೀತಿಯಲ್ಲಿ ಮಾಡಿದರೇ. ಮೂರನೆಯದು ಫಲ: ಕೊನೆಗೆ ರೋಗಿಗೆ ಏನಾಯಿತು.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಒತ್ತಡದಿಂದ ಹುಣ್ಣಾಗುತ್ತದೆ. ಒಳ್ಳೆಯ ಹಾಸಿಗೆ ಮತ್ತು ಸಾಕಷ್ಟು ಸಿಬ್ಬಂದಿ ಇರುವುದು ವ್ಯವಸ್ಥೆ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ, ಚರ್ಮ ಒಣಗಿರುವಂತೆ ನೋಡಿಕೊಂಡು, ಪೌಷ್ಟಿಕ ಆಹಾರ ಉಣಿಸುವುದು ಕ್ರಮ. ಹುಣ್ಣು ಆಗದಿರುವುದು ಫಲ. ಮೂರರಲ್ಲಿ ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಒಳ್ಳೆಯ ಹಾಸಿಗೆ ಇದ್ದರೂ ಮಗ್ಗುಲು ಬದಲಿಸುವವರಿಲ್ಲದೆ ಇರಬಹುದು. ಫಲವನ್ನಷ್ಟೇ ನೋಡಿದರೆ, ತೀರಾ ಕಾಯಿಲೆಯವರನ್ನು ಸೇರಿಸಿಕೊಳ್ಳುವ ಒಳ್ಳೆಯ ಸಂಸ್ಥೆಗೆ ಕೆಟ್ಟ ಹೆಸರು, ಗಟ್ಟಿಮುಟ್ಟಾದವರನ್ನೇ ಆರಿಸಿಕೊಳ್ಳುವ ಸಂಸ್ಥೆಗೆ ಒಳ್ಳೆಯ ಹೆಸರು ಬರುತ್ತದೆ. ಆದ್ದರಿಂದ ಯಾರು ಯಾವ ಸ್ಥಿತಿಯಲ್ಲಿ ಒಳಗೆ ಬಂದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಲೆಕ್ಕಕ್ಕೆ ದಾರಿ ತೋರಿಸಿದವರು ಕ್ಲೀವ್‌ಲ್ಯಾಂಡ್‌ನ ವೈದ್ಯ ಸಿಡ್ನಿ ಕಾಟ್ಜ್. ಸೊಂಟದ ಮೂಳೆ ಮುರಿದ ವೃದ್ಧರನ್ನು ಗಮನಿಸುತ್ತ ಅವರ ತಂಡ 1963ರಲ್ಲಿ ಒಂದು ಸರಳ ಪಟ್ಟಿ ಪ್ರಕಟಿಸಿತು. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಏರುವುದು, ಮಲಮೂತ್ರದ ಹಿಡಿತ, ಊಟ. ಈ ಆರನ್ನು ಒಬ್ಬರು ತಾವೇ ಮಾಡಿಕೊಳ್ಳಬಲ್ಲರೇ ಅಥವಾ ನೆರವು ಬೇಕೇ ಎಂದು ಗುರುತಿಸಿದರೆ ಸಾಕು, ಅವರಿಗೆ ಎಷ್ಟು ಆರೈಕೆ ಬೇಕೆಂದು ಅಂದಾಜಾಗುತ್ತದೆ. ವೃದ್ಧರು ಈ ಶಕ್ತಿಗಳನ್ನು ಮರಳಿ ಪಡೆಯುವ ಕ್ರಮವು ಮಗು ಅವುಗಳನ್ನು ಕಲಿಯುವ ಕ್ರಮವನ್ನು ಹೋಲುತ್ತದೆ ಎಂಬುದನ್ನೂ ಕಾಟ್ಜ್ ಗಮನಿಸಿದರು. ಇಂದಿಗೂ ವೃದ್ಧರ ಶುಶ್ರೂಷೆ ಕಲಿಯುವವರು ಈ ಪಟ್ಟಿಯನ್ನು ಓದುತ್ತಾರೆ.

541 ಪ್ರಶ್ನೆಗಳಲ್ಲಿ 30

ವಿದ್ವಾಂಸರು ಹೀಗೆ ಮುಂದೆ ಸಾಗಿದ್ದರೂ ಸರಕಾರದ ತಪಾಸಣೆ ಹಿಂದೆಯೇ ಉಳಿದಿತ್ತು. 1975ರಲ್ಲಿ ಕೊಲೊರಾಡೊ ರಾಜ್ಯದ ಡೆನ್ವರ್ ಪ್ರದೇಶದ ನರ್ಸಿಂಗ್ ಹೋಮ್ ನಿವಾಸಿಗಳ ಪರವಾಗಿ ನ್ಯಾಯಾಲಯದಲ್ಲಿ ಒಂದು ದಾವೆ ಹೂಡಲಾಯಿತು. ನಿವಾಸಿಗಳ ವಾದ ಸರಳವಾಗಿತ್ತು: ನಮ್ಮ ಹೆಸರಿನಲ್ಲಿ ಕೇಂದ್ರ ಸರಕಾರ ಹಣ ಕೊಡುತ್ತಿದೆ, ಆ ಹಣಕ್ಕೆ ತಕ್ಕ ಆರೈಕೆ ನಮಗೆ ನಿಜವಾಗಿ ಸಿಗುತ್ತಿದೆಯೇ ಎಂದು ನೋಡುವುದು ಅದರ ಕರ್ತವ್ಯ.

ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಿತ್ತು. ತಪಾಸಣಾ ತಂಡಗಳು ತುಂಬಬೇಕಿದ್ದ ಸರಕಾರಿ ನಮೂನೆಯಲ್ಲಿ 541 ಪ್ರಶ್ನೆಗಳಿದ್ದವು. ಅವುಗಳಲ್ಲಿ ರೋಗಿಯ ಆರೈಕೆಗೆ ಅಲ್ಪಸ್ವಲ್ಪವಾದರೂ ಸಂಬಂಧಪಟ್ಟವು, ಅಥವಾ ರೋಗಿಯನ್ನು ಕಣ್ಣಾರೆ ನೋಡಬೇಕಾಗುತ್ತಿದ್ದವು ಕೇವಲ 30. ಉಳಿದವು ಸಂಸ್ಥೆಗೆ ಆರೈಕೆ ಕೊಡುವ ಸಾಮರ್ಥ್ಯ ಇದೆಯೇ ಎಂದು ಕೇಳುತ್ತಿದ್ದವು. ಲಿಖಿತ ನಿಯಮಾವಳಿ ಇದೆಯೇ, ಸಮಿತಿ ಇದೆಯೇ, ಒಪ್ಪಂದ ಪತ್ರ ಇದೆಯೇ. ಆರೈಕೆ ಸಿಕ್ಕಿತೇ ಎಂದು ಕೇಳುವವರಿರಲಿಲ್ಲ. 1984ರಲ್ಲಿ ‘ಸ್ಮಿತ್ ವಿರುದ್ಧ ಹೆಕ್ಲರ್’ ಎಂದು ಹೆಸರಾದ ತೀರ್ಪಿನಲ್ಲಿ ಮೇಲ್ಮನವಿ ನ್ಯಾಯಾಲಯವು ನಿವಾಸಿಗಳ ವಾದವನ್ನು ಎತ್ತಿಹಿಡಿಯಿತು. ಹಣ ಪಡೆಯುವ ಸಂಸ್ಥೆಗಳು ವಾಸ್ತವವಾಗಿ ಒಳ್ಳೆಯ ಆರೈಕೆ ಕೊಡುತ್ತಿವೆಯೇ ಎಂದು ತಿಳಿದುಕೊಳ್ಳುವ ವ್ಯವಸ್ಥೆ ಮಾಡುವುದು ಆರೋಗ್ಯ ಕಾರ್ಯದರ್ಶಿಯ ಹೊಣೆ ಎಂದಿತು.

ಇದೇ ಹೊತ್ತಿಗೆ 1982ರಲ್ಲಿ ರೇಗನ್ ಸರಕಾರ ತಪಾಸಣೆಯ ನಿಯಮಗಳನ್ನು ಸಡಿಲಿಸಲು ಹೊರಟಾಗ ದೊಡ್ಡ ವಿರೋಧ ಎದ್ದಿತ್ತು. ವಿವಾದ ಬಗೆಹರಿಸಲು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಗೆ ಅಧ್ಯಯನ ಒಪ್ಪಿಸಲಾಯಿತು. ಸಮಿತಿಯ ಅಧ್ಯಕ್ಷರಾದವರು ಅದೇ ಸಿಡ್ನಿ ಕಾಟ್ಜ್. ಇತ್ತ ಎಲ್ಮಾ ಹೋಲ್ಡರ್ 1975ರಲ್ಲಿ ಕಟ್ಟಿದ ನಾಗರಿಕರ ಒಕ್ಕೂಟವು ಯಾರೂ ಮಾಡದ ಕೆಲಸವೊಂದನ್ನು ಮಾಡಿತು. 15 ನಗರಗಳ 450ಕ್ಕೂ ಹೆಚ್ಚು ನಿವಾಸಿಗಳನ್ನು ಕೂರಿಸಿ, ನಿಮ್ಮ ಪ್ರಕಾರ ಒಳ್ಳೆಯ ಆರೈಕೆ ಯಾವುದು ಎಂದು ಕೇಳಿತು. 1985ರ ಆ ವರದಿಯಲ್ಲಿ ನಿವಾಸಿಗಳು ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು ಸಿಬ್ಬಂದಿಯ ಬಗ್ಗೆ. ತಮ್ಮನ್ನು ದಿನವೂ ಮುಟ್ಟಿ ಎಬ್ಬಿಸುವ, ಉಣಿಸುವ ಕೈಗಳು ಸಾಕಷ್ಟು ಇರಬೇಕು, ಆ ಕೈಗಳಲ್ಲಿ ಸೌಜನ್ಯ ಇರಬೇಕು ಎಂದರು.

1986ರಲ್ಲಿ ಕಾಟ್ಜ್ ಸಮಿತಿಯ ವರದಿ ಬಂತು. 1987ರ ಡಿಸೆಂಬರ್ 22ರಂದು ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಗೆ ಸಹಿ ಬಿತ್ತು. ಪ್ರತಿಯೊಬ್ಬ ನಿವಾಸಿಯೂ ತನ್ನಿಂದ ಸಾಧ್ಯವಾದಷ್ಟು ಉನ್ನತ ದೈಹಿಕ, ಮಾನಸಿಕ ಸ್ಥಿತಿಯಲ್ಲಿ ಬಾಳುವಂತೆ ನೋಡಿಕೊಳ್ಳುವುದು ಸಂಸ್ಥೆಯ ಕರ್ತವ್ಯವೆಂದು ಅದು ವಿಧಿಸಿತು. ಸಹಾಯಕಿಯರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯವಾಯಿತು. ಪ್ರತಿ ನಿವಾಸಿಯ ಸ್ಥಿತಿಯನ್ನು ಒಂದೇ ಬಗೆಯ ನಮೂನೆಯಲ್ಲಿ ದಾಖಲಿಸಬೇಕಾಯಿತು.

ತಪಾಸಣೆ ನಡೆಯುವ ಬಗೆ

ಆ ಕಾಯ್ದೆ ರೂಪಿಸಿದ ತಪಾಸಣೆಯೇ ಇಂದಿಗೂ ಮೂಲ. ತಂಡ ಮುನ್ಸೂಚನೆ ಇಲ್ಲದೆ ಬರಬೇಕು. 15 ತಿಂಗಳೊಳಗೆ ಒಮ್ಮೆಯಾದರೂ ಪ್ರತಿ ಸಂಸ್ಥೆಗೆ ಬರಬೇಕು. ಬರುವ ದಿನವನ್ನು ಮೊದಲೇ ತಿಳಿಸಿದವರಿಗೆ ದಂಡ ಹಾಕುವ ಕಲಮನ್ನೂ ಕಾಯ್ದೆಯಲ್ಲಿ ಸೇರಿಸಲಾಯಿತು. ಹಬ್ಬಕ್ಕೆ ಗುಡಿಸಿ ಸಾರಿಸಿದ ಮನೆಯನ್ನು ನೋಡಿ ದಿನನಿತ್ಯದ ಬದುಕು ಹೀಗೆಯೇ ಎಂದು ನಂಬುವುದು ತಪ್ಪಲ್ಲವೇ?

ಒಳಗೆ ಬಂದ ತಂಡ ಮೂರು ಕೆಲಸ ಮಾಡುತ್ತದೆ. ಕಣ್ಣಾರೆ ನೋಡುತ್ತದೆ: ಕರೆಗಂಟೆ ಒತ್ತಿದರೆ ಯಾರಾದರೂ ಬರುತ್ತಾರೆಯೇ, ಊಟ ಬಿಸಿಯಾಗಿದೆಯೇ, ಉಣಿಸುವವರು ಪಕ್ಕದಲ್ಲಿದ್ದಾರೆಯೇ. ನಿವಾಸಿಗಳನ್ನು, ಬಂಧುಗಳನ್ನು, ಸಿಬ್ಬಂದಿಯನ್ನು ಮಾತಾಡಿಸುತ್ತದೆ. ಕೊನೆಗೆ ಕಂಡದ್ದನ್ನೂ ಕೇಳಿದ್ದನ್ನೂ ದಾಖಲೆಗಳ ಜೊತೆ ತಾಳೆ ನೋಡುತ್ತದೆ. ನರ್ಸ್ ಔಷಧ ಕೊಡುವಾಗ ಜೊತೆಯಲ್ಲಿ ನಿಂತು ಎಣಿಸುತ್ತದೆ. ತಪ್ಪುಗಳು ನೂರಕ್ಕೆ 5 ಮುಟ್ಟಿದರೆ ಅದು ಲೋಪ. ಗಂಭೀರವಾದ ತಪ್ಪು ಒಂದೇ ಆದರೂ ಲೋಪ.

ಲೋಪಗಳನ್ನು ತೂಗಲು 1995ರಿಂದ ಒಂದು ಕೋಷ್ಟಕ ಬಳಕೆಯಲ್ಲಿದೆ. ಹಾನಿಯ ತೀವ್ರತೆಗೆ ನಾಲ್ಕು ಹಂತ, ಅದು ಒಬ್ಬರಿಗೆ ಸೀಮಿತವೋ, ಕೆಲವರಿಗೋ, ಎಲ್ಲೆಡೆ ಹರಡಿದೆಯೋ ಎಂಬುದಕ್ಕೆ ಮೂರು ಹಂತ. ಹೀಗೆ ‘ಎ’ಯಿಂದ ‘ಎಲ್’ವರೆಗೆ ಹನ್ನೆರಡು ಅಕ್ಷರಗಳು. ಕೊನೆಯ ಮೂರು ಬಂದರೆ ಪ್ರಾಣಾಪಾಯ ಎಂದರ್ಥ. ತಕ್ಷಣ ಸರಿಪಡಿಸದಿದ್ದರೆ ಸರಕಾರದ ಹಣವೇ ನಿಲ್ಲುತ್ತದೆ.

ಫಲ ಕಂಡಿತೇ? ಒಂದು ವಿಷಯದಲ್ಲಿ ನಿಶ್ಚಯವಾಗಿ ಕಂಡಿತು. ಈ ಕಾಯ್ದೆಗೆ ಮುಂಚೆ ನೂರಕ್ಕೆ ಸುಮಾರು 40 ನಿವಾಸಿಗಳನ್ನು ಬೀಳದಿರಲೆಂದು ಕುರ್ಚಿಗೋ ಮಂಚಕ್ಕೋ ಪಟ್ಟಿಯಿಂದ ಕಟ್ಟುತ್ತಿದ್ದರು. ಕಟ್ಟುವುದರಿಂದ ಸ್ನಾಯು ಸೊರಗಿ, ಹುಣ್ಣಾಗಿ, ಬಿಡಿಸಿಕೊಳ್ಳುವಾಗ ಪೆಟ್ಟಾಗಿ ಅಪಾಯವೇ ಹೆಚ್ಚು ಎಂದು ತಿಳಿದ ಮೇಲೆ ಪದ್ಧತಿ ಬದಲಾಯಿತು. 2010ರ ದಶಕದ ಹೊತ್ತಿಗೆ ಆ ಪ್ರಮಾಣ ನೂರಕ್ಕೆ 5ಕ್ಕೂ ಕೆಳಗೆ ಇಳಿದಿತ್ತು.

ಆದರೆ ತಪಾಸಣೆಯೂ ದೋಷಮುಕ್ತವಲ್ಲ. 2002ರಿಂದ 2007ರ ಅವಧಿಯ ಬಗ್ಗೆ ಅಮೆರಿಕದ ಲೆಕ್ಕಪರಿಶೋಧನಾ ಕಚೇರಿ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ರಾಜ್ಯದ ತಂಡದ ಹಿಂದೆಯೇ ಕೇಂದ್ರದ ತಂಡ ಹೋಗಿ ತಾಳೆ ನೋಡಿದ ತಪಾಸಣೆಗಳಲ್ಲಿ ನೂರಕ್ಕೆ ಸುಮಾರು 15ರಲ್ಲಿ ರಾಜ್ಯದವರು ಅತಿ ಗಂಭೀರವಾದ ಒಂದಾದರೂ ಲೋಪವನ್ನು ಗುರುತಿಸಿರಲಿಲ್ಲ.

ತಾರೆಗಳನ್ನು ನಂಬಬಹುದೇ?

1998ರಲ್ಲಿ ಸರಕಾರವು ಪ್ರತಿ ನರ್ಸಿಂಗ್ ಹೋಮ್‌ನ ತಪಾಸಣೆಯ ಫಲಿತಾಂಶವನ್ನು ಇಂಟರ್ನೆಟ್‌ನಲ್ಲಿ ಸಾರ್ವಜನಿಕರ ಮುಂದಿಟ್ಟಿತು. 2008ರ ಡಿಸೆಂಬರಿನಲ್ಲಿ, ಹೋಟೆಲುಗಳಿಗೆ ಕೊಡುವಂತೆ, ಒಂದರಿಂದ ಐದು ತಾರೆಗಳನ್ನು ಕೊಡಲು ಆರಂಭಿಸಿತು. ತಪಾಸಣೆ, ಸಿಬ್ಬಂದಿ ಸಂಖ್ಯೆ, ನಿವಾಸಿಗಳ ಆರೋಗ್ಯದ ಸೂಚಕಗಳು ಎಂಬ ಮೂರು ಆಧಾರಗಳ ಮೇಲೆ ತಾರೆಗಳ ಲೆಕ್ಕ. ಇವುಗಳಲ್ಲಿ ಮೊದಲನೆಯದು ಹೊರಗಿನವರು ಕಂಡದ್ದು. ಉಳಿದೆರಡು ಸಂಸ್ಥೆಯವರೇ ತುಂಬಿ ಕಳಿಸಿದ ಅಂಕಿಅಂಶ.

ತೊಡಕು ಹುಟ್ಟಿದ್ದು ಅಲ್ಲಿಯೇ. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಸ್ವಯಂಘೋಷಿತ ಅಂಕಿಗಳ ಮೇಲೆ ನಿಂತ ತಾರೆಗಳನ್ನು ಪ್ರಶ್ನಿಸಿತು. 2016ರಿಂದ ಸಿಬ್ಬಂದಿಯ ಲೆಕ್ಕವನ್ನು ಸಂಬಳದ ದಾಖಲೆಯ ಆಧಾರದ ಮೇಲೆಯೇ ಸಲ್ಲಿಸಬೇಕೆಂದು ಸರಕಾರ ಆದೇಶಿಸಿತು. 2018ರಲ್ಲಿ ಆ ಲೆಕ್ಕ ತಾರೆಗಳಿಗೆ ಸೇರಿದಾಗ, ಹಲವು ಕಡೆ ಹಿಂದೆ ಹೇಳಿಕೊಂಡದ್ದಕ್ಕಿಂತ ನರ್ಸ್‌ಗಳು ಕಡಿಮೆ ಇದ್ದರು, ಶನಿವಾರ ಭಾನುವಾರಗಳಲ್ಲಂತೂ ಇನ್ನೂ ಕಡಿಮೆ ಎಂಬುದು ಬಯಲಾಯಿತು.

ಬಿದ್ದು ಗಾಯಗೊಂಡವರ ಲೆಕ್ಕದಲ್ಲೂ ಇದೇ ಕಥೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಿಂದ 2015ರವರೆಗಿನ ಆಸ್ಪತ್ರೆಯ ಬಿಲ್ಲುಗಳನ್ನು ನರ್ಸಿಂಗ್ ಹೋಮ್‌ಗಳ ದಾಖಲೆಗಳ ಜೊತೆ ಹೋಲಿಸಿದರು. ದೊಡ್ಡ ಪೆಟ್ಟಾಗಿ ಆಸ್ಪತ್ರೆ ಸೇರಿದ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 58 ಮಾತ್ರ ದಾಖಲಾಗಿದ್ದವು. ಉಳಿದವರು ಕಾಗದದಲ್ಲಿ ಬಿದ್ದೇ ಇರಲಿಲ್ಲ.

ಇನ್ನೂ ನೋವಿನ ಉದಾಹರಣೆ ಔಷಧದ್ದು. ಕಟ್ಟುವುದು ನಿಂತ ಮೇಲೆ, ಮರೆವಿನ ಕಾಯಿಲೆಯವರನ್ನು ಸುಮ್ಮನಿರಿಸಲು ಮನೋರೋಗದ ಮಾತ್ರೆಗಳ ಬಳಕೆ ಹೆಚ್ಚಿತ್ತು. ಇಂತಹ ವೃದ್ಧರಲ್ಲಿ ಆ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚು ಎಂದು ಔಷಧ ಆಡಳಿತ 2005ರಲ್ಲಿಯೇ ಎಚ್ಚರಿಸಿತ್ತು. 2012ರಿಂದ ಸರಕಾರ ಈ ಬಳಕೆಯನ್ನು ಎಣಿಸತೊಡಗಿದಾಗ ಸ್ಕಿಜೋಫ್ರೇನಿಯಾ ಇರುವವರನ್ನು ಎಣಿಕೆಯಿಂದ ಬಿಟ್ಟಿತು, ಏಕೆಂದರೆ ಅವರಿಗೆ ಆ ಮಾತ್ರೆ ಅಗತ್ಯ. ನಂತರ ಆದದ್ದೇನು? ವೃದ್ಧರಲ್ಲಿ ಹೊಸದಾಗಿ ಕಾಣಿಸುವುದು ಅಪರೂಪವಾದ ಆ ಕಾಯಿಲೆ ದಾಖಲೆಗಳಲ್ಲಿ ಏರುತ್ತಾ ಹೋಯಿತು. 2021ರಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆಳೆದವು; 2023ರಲ್ಲಿ ಸರಕಾರ ಇಂತಹ ದಾಖಲೆಗಳ ವಿಶೇಷ ಪರಿಶೀಲನೆ ಆರಂಭಿಸಿತು. ಅಳತೆಗೋಲು ಅಳೆಸಿಕೊಳ್ಳುವವನ ಕೈಯಲ್ಲಿದ್ದರೆ ಬಟ್ಟೆ ಎಂದೂ ಕಡಿಮೆ ಬರುವುದಿಲ್ಲ.

ಕೈಗಳ ಲೆಕ್ಕ

ಎಲ್ಲ ಅಳತೆಗಳ ಬುಡದಲ್ಲಿರುವುದು ಒಂದೇ: ಆರೈಕೆ ಮಾಡುವ ಕೈಗಳು ಎಷ್ಟಿವೆ? 2001ರಲ್ಲಿ ಸರಕಾರವೇ ನಡೆಸಿದ ಅಧ್ಯಯನವು ಒಬ್ಬ ನಿವಾಸಿಗೆ ದಿನಕ್ಕೆ ಸುಮಾರು 4.1 ಗಂಟೆಗಳ ಶುಶ್ರೂಷೆಗಿಂತ ಕಡಿಮೆಯಾದರೆ ಗುಣಮಟ್ಟಕ್ಕೆ ಧಕ್ಕೆ ಬರುತ್ತದೆ ಎಂದು ತೋರಿಸಿತ್ತು. ಅದು ಕಾನೂನಾಗಲಿಲ್ಲ. 2020ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಎಂಬ ಊರಿನ ನರ್ಸಿಂಗ್ ಹೋಮ್‌ನಲ್ಲಿ ಕೋವಿಡ್ ಕಾಣಿಸಿಕೊಂಡಿತು. ಬಂಧುಗಳಿಗೂ ಒಂಬುಡ್ಸ್‌ಮನ್‌ಗಳಿಗೂ ತಿಂಗಳುಗಟ್ಟಲೆ ಬಾಗಿಲು ಮುಚ್ಚಿತು. 2022ರ ಆರಂಭದ ಹೊತ್ತಿಗೆ ದೀರ್ಘಾವಧಿ ಆರೈಕೆಯ ಸಂಸ್ಥೆಗಳಲ್ಲಿ ಸತ್ತ ನಿವಾಸಿಗಳು ಮತ್ತು ಸಿಬ್ಬಂದಿಯ ಸಂಖ್ಯೆ ಎರಡು ಲಕ್ಷ ದಾಟಿತ್ತು.

ಆ ದುರಂತದ ನಂತರ 2024ರಲ್ಲಿ ಪ್ರತಿ ನಿವಾಸಿಗೆ ದಿನಕ್ಕೆ ಕನಿಷ್ಠ 3.48 ಗಂಟೆ ಶುಶ್ರೂಷೆ, ದಿನದ 24 ಗಂಟೆಯೂ ಒಬ್ಬ ನೋಂದಾಯಿತ ನರ್ಸ್ ಎಂಬ ನಿಯಮ ಹೊರಬಂತು. ಇಷ್ಟು ನರ್ಸ್‌ಗಳು ಸಿಗುವುದಿಲ್ಲ, ಹಳ್ಳಿಗಾಡಿನ ಸಂಸ್ಥೆಗಳು ಮುಚ್ಚಿಹೋಗುತ್ತವೆ ಎಂದು ಮಾಲೀಕರು ನ್ಯಾಯಾಲಯಕ್ಕೆ ಹೋದರು. 2025ರಲ್ಲಿ ಟೆಕ್ಸಾಸ್‌ನ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ಅದೇ ವರ್ಷ ಸಂಸತ್ತು ಅದರ ಜಾರಿಯನ್ನು 2034ರವರೆಗೆ ತಡೆಯಿತು. ಮಾಲೀಕರ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾಗದು. ನರ್ಸ್‌ಗಳ ಕೊರತೆ ನಿಜ. ಆದರೆ ಕೊರತೆಯ ಭಾರವನ್ನು ಹೊತ್ತು ಮಲಗುವವರು ಹಾಸಿಗೆಯಲ್ಲಿರುವವರೇ ಎಂಬುದೂ ಅಷ್ಟೇ ನಿಜ.

ನಮಗೆ ಇದರಿಂದ ಏನು?

ನಮ್ಮ ರಾಜ್ಯದಲ್ಲಿ ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣಕ್ಕೆ 1976ರಲ್ಲಿ ಕಾಯ್ದೆಯಾಯಿತು. ಅದರ ಜಾಗದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ ಬಂತು. ಅದೇ ವರ್ಷ ಕೇಂದ್ರವು ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಾಡಿ, ಪ್ರತಿ ಜಿಲ್ಲೆಯಲ್ಲಿ ಒಂದಾದರೂ ವೃದ್ಧಾಶ್ರಮಕ್ಕೆ ಅವಕಾಶ ಕಲ್ಪಿಸಿತು. ಮಕ್ಕಳು ಬೆಂಗಳೂರಿಗೋ ಗಲ್ಫ್‌ಗೋ ದುಡಿಯಲು ಹೋಗಿ ಮನೆಯಲ್ಲಿ ವೃದ್ಧರಷ್ಟೇ ಉಳಿಯುವ ಊರುಗಳು ಹೆಚ್ಚುತ್ತಿರುವಾಗ, ಅಮೆರಿಕದ ವೃದ್ಧರ ಪ್ರಶ್ನೆ ನಮ್ಮಿಂದ ದೂರದ್ದಲ್ಲ.

ನೋಂದಣಿ ಪತ್ರವನ್ನು ಗೋಡೆಗೆ ತೂಗುಹಾಕುವುದು ಬೇಕು. ಆದರೆ ಅದು ಆ 541 ಪ್ರಶ್ನೆಗಳ ಸಾಲಿಗೆ ಸೇರಿದ್ದು. ನಮ್ಮ ಹಿರಿಯರೊಬ್ಬರನ್ನು ಎಲ್ಲಿಯಾದರೂ ಬಿಡಬೇಕಾಗಿ ಬಂದರೆ ನಾವು ಕೇಳಬೇಕಾದದ್ದು ಆ 30ರ ಸಾಲಿನ ಪ್ರಶ್ನೆಗಳು. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ? ಸಿಬ್ಬಂದಿ ಪದೇ ಪದೇ ಬದಲಾಗುತ್ತಾರೆಯೇ? ಹಾಸಿಗೆ ಹುಣ್ಣು ಎಷ್ಟು ಮಂದಿಗಿದೆ? ಈ ಮಾತ್ರೆ ಯಾಕೆ, ಯಾರು ಬರೆದದ್ದು? ಹೇಳದೆ ಕೇಳದೆ ಯಾವ ಹೊತ್ತಿಗೆ ಬಂದರೂ ಒಳಗೆ ಬಿಡುತ್ತೀರಾ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೊಂದೇ ಎಷ್ಟೋ ಸಲ ಉಳಿದೆಲ್ಲಕ್ಕೂ ಉತ್ತರವಾಗುತ್ತದೆ.

ನರ್ಸಿಂಗ್, ವೈದ್ಯಕೀಯ, ಕಾನೂನು, ಸಂಖ್ಯಾಶಾಸ್ತ್ರ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಇದು ದೊಡ್ಡ ಕಾರ್ಯಕ್ಷೇತ್ರ. ಓದು ಮುಗಿಯುವವರೆಗೆ ಕಾಯಬೇಕೆಂದೇನೂ ಇಲ್ಲ. ತಿಂಗಳಿಗೊಂದು ಭಾನುವಾರ ಹತ್ತಿರದ ವೃದ್ಧಾಶ್ರಮಕ್ಕೆ ಹೋಗಿ ಒಂದು ಗಂಟೆ ಕುಳಿತು ಅಲ್ಲಿಯ ಅಜ್ಜಅಜ್ಜಿಯರ ಮಾತು ಕೇಳಿದರೆ ಸಾಕು. ಹೊರಗಿನ ಕಣ್ಣು ಆಗಾಗ ಬೀಳುವ ಮನೆಯಲ್ಲಿ ಆರೈಕೆ ತಾನಾಗಿಯೇ ಎಚ್ಚರವಾಗಿರುತ್ತದೆ.